ಗರಿಯ ಮೇಲೆ ಮೂಡಿದ ದೇವರು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಚಾಲುಕ್ಯರ ಕಾಲದಲ್ಲಿ ಕೋಗಳಿ-500 ಎಂಬ ನಾಡಿನ ಕೇಂದ್ರವಾಗಿತ್ತು. ಅಲ್ಲಿನ ಜಿನಾಲಯವನ್ನು ದುರ್ವಿನೀತ ಕಟ್ಟಿಸಿದನೆಂದೂ, ಇಂದ್ರಕೀರ್ತಿ ಎಂಬ ಮುನಿ ಅದಕ್ಕೆ ದತ್ತಿ ಬಿಟ್ಟರೆಂದೂ 1055ರ ಶಾಸನ ಹೇಳುತ್ತದೆ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಲಕ್ಕುಂಡಿ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅನ್ನ, ಅಭಯ, ಔಷಧಗಳಂತೆ ಶಾಸ್ತ್ರವೂ ದಾನದ ವಸ್ತುವೆಂದು ಜೈನರು ನಂಬಿದ್ದ ನಾಡು ಇದು.

ಯುರೋಪಿನ ಕ್ರೈಸ್ತ ಸನ್ಯಾಸಿಗಳಿಗೂ ಗ್ರಂಥ ಬರೆಯುವುದು ಪೂಜೆಯೇ ಆಗಿತ್ತು. ಕರುವಿನ ಚರ್ಮವನ್ನು ಹದಗೊಳಿಸಿ, ಅದರ ಮೇಲೆ ಸುವಾರ್ತೆಗಳನ್ನು ಬರೆದು, ಮೊದಲಕ್ಷರಗಳಲ್ಲಿ ಬಳ್ಳಿ, ಹಕ್ಕಿ, ದೇವದೂತರನ್ನು ತುಂಬಿದರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ 'ಬುಕ್ ಆಫ್ ಕೆಲ್ಸ್' ಸುಮಾರು ಕ್ರಿ.ಶ. 800ರದು. ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ 'ಧವಲಾ' ಟೀಕೆ ಬರೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಒಬ್ಬರ ಸುದ್ದಿ ಇನ್ನೊಬ್ಬರಿಗಿರಲಿಲ್ಲ!

ಆ ಧವಲಾದ 12ನೆಯ ಶತಮಾನದ ಚಿತ್ರಿತ ಪ್ರತಿ ಮೂಡುಬಿದಿರೆಯಲ್ಲಿದೆ. ಚರ್ಮದ ಹಾಳೆಯಲ್ಲಿ ಚಿತ್ರಕಾರನಿಗೆ ಪುಟದಗಲ ಜಾಗ. ತಾಳೆಗರಿಯಲ್ಲಿ ಕೆಲವೇ ಅಂಗುಲ ಎತ್ತರ, ಅದರಲ್ಲೂ ದಾರ ಪೋಣಿಸುವ ರಂಧ್ರಕ್ಕೆ ಎಡೆ ಬಿಡಬೇಕು. ಈ ಇಕ್ಕಟ್ಟಿನಲ್ಲೇ ಪಾರ್ಶ್ವನಾಥ, ಬಾಹುಬಲಿ, ಮಾವಿನ ಮರದಡಿ ಮಕ್ಕಳೊಡನಿರುವ ಅಂಬಿಕೆ ಮೂಡಿದ್ದಾರೆ. ಬೇಲೂರಿನ ಶಿಲ್ಪಗಳನ್ನು ಕಂಡವರಿಗೆ ಈ ಆಭರಣ, ಈ ನಿಲುವು ಅಪರಿಚಿತವೆನಿಸದು. ಹೊಯ್ಸಳರ ಕಾಲದ ಬಣ್ಣದ ಕೆಲಸ ನಮಗೆ ಉಳಿದಿರುವುದೇ ಕಡಿಮೆ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಈ ಗರಿಗಳ ಬೆಲೆ ಕಲ್ಲಿನ ಗುಡಿಗಿಂತ ಕಡಿಮೆಯಲ್ಲ.

ಆದರೆ ಒಂದು ತೊಡಕಿತ್ತು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಗ್ರಂಥ ಶತಮಾನಗಳ ಕಾಲ ದರ್ಶನದ ವಸ್ತುವಾಯಿತು. ಭಕ್ತರು ಕೈಮುಗಿದರು, ಓದಿದವರು ವಿರಳ. ಬೀಗ ಹಾಕಿಟ್ಟದ್ದರಿಂದಲೇ ಬಣ್ಣ ಉಳಿಯಿತು ಎನ್ನಬಹುದು. ಬಲವಾದ ಬೆಳಕು ವರ್ಣದ್ರವ್ಯಗಳನ್ನು ಮಾಸಿಸುತ್ತದೆ. (ನಮ್ಮ ಕ್ಯಾಮೆರಾ ದೀಪಗಳಿಗೂ ಈ ಮಾತು ಸಲ್ಲುತ್ತದೆ!) ಆದರೆ ಅದೇ ಬೀಗ ವಿದ್ವಾಂಸರನ್ನೂ ಹೊರಗೆ ನಿಲ್ಲಿಸಿತು. 19ನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನ್ ಅವರು ಮೊದಲ ಸಂಪುಟ ಹೊರತಂದರು. ಎಲ್ಲ 16 ಸಂಪುಟಗಳು ಮುಗಿಯುವಾಗ 1959.

ಅಚ್ಚಿಗೆ ಬಂದದ್ದು ನಾಗರಿ ಲಿಪಿಯಲ್ಲಿ. ಚಿತ್ರಗಳ ಸರದಿ ಆಮೇಲೆ ಬಂತು: 1968ರಲ್ಲಿ ಸಿ. ಶಿವರಾಮಮೂರ್ತಿಯವರು ದಕ್ಷಿಣ ಭಾರತದ ಚಿತ್ರಕಲೆಯನ್ನು ಕುರಿತ ತಮ್ಮ ಪುಸ್ತಕದಲ್ಲಿ ಅವುಗಳನ್ನು ಹೊಯ್ಸಳ ಕಲೆಯೆಂದೇ ಪರಿಚಯಿಸಿದರು.