'ಸಮಯ' ಶಬ್ದದ ಅರ್ಥವ್ಯಾಪ್ತಿ

ಇಂದಿನ ಕನ್ನಡದಲ್ಲಿ 'ಸಮಯ'ವೆಂದರೆ ಹೊತ್ತು. ಸಮಯಸ್ಫೂರ್ತಿ, ಸಮಯಸಾಧಕ ಮೊದಲಾದ ಮಾತುಗಳಲ್ಲಿಯೂ ಸಂದರ್ಭವೆಂಬ ಛಾಯೆಯೇ ಇದೆ. ಈ ಪರಿಚಯವನ್ನೇ ನಂಬಿ ಶಾಸನಗಳನ್ನು ಓದಹೊರಟ ವಿದ್ಯಾರ್ಥಿಯು 'ವೀರಬಣಂಜು ಸಮಯ'ವೆಂಬಲ್ಲಿ ಎಡವುವುದು ಸಹಜ. ಅಲ್ಲಿ ಅದು ವರ್ತಕರ ಸಂಘ.

ಸಂಸ್ಕೃತದ 'ಸಮ್' ಉಪಸರ್ಗದೊಡನೆ ಗಮನಾರ್ಥದ 'ಇ' ಧಾತು ಸೇರಿ ಈ ಶಬ್ದವಾಗಿದೆ. ಒಡಗೂಡುವುದು ಅದರ ಮೂಲಾರ್ಥ. ಕೂಡಿದವರ ಒಪ್ಪಂದ, ಒಪ್ಪಂದಕ್ಕೆ ಬದ್ಧವಾದ ಪಂಗಡ, ಕೂಡುವ ಹೊತ್ತು, ಇವೆಲ್ಲವೂ ಅದರಿಂದಲೇ ಹೊರಟವೆಂದು ತಿಳಿಯಬಹುದು. ನಾರದಸ್ಮೃತಿಯು 'ಸಮಯಸ್ಯಾನಪಾಕರ್ಮ'ವನ್ನು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿ, ಪಾಷಂಡಿಗಳು, ನೈಗಮರು ಮುಂತಾದವರ ಕಟ್ಟಳೆಯೇ ಸಮಯವೆಂದು ವಿವರಿಸುತ್ತದೆ. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ವಿಸ್ತರಿಸಿರುವ ಕವಿಸಮಯವೂ ಒಂದು ಕಟ್ಟಳೆಯೇ: ಚಕೋರವು ಬೆಳುದಿಂಗಳನ್ನು ಉಣ್ಣುತ್ತದೆಂದು ಕವಿಗಳೆಲ್ಲ ಒಪ್ಪಿಕೊಂಡಿದ್ದಾರೆ, ಅಷ್ಟೆ. ಜೈನಶಾಸ್ತ್ರದಲ್ಲಿ ಸಮಯವು ಕಾಲದ ಅವಿಭಾಜ್ಯವಾದ ಅಂಶ. ಕುಂದಕುಂದಾಚಾರ್ಯರ 'ಸಮಯಸಾರ'ದಲ್ಲಾದರೋ ಆತ್ಮ.

ನಮ್ಮ ಲಕ್ಷ್ಯವನ್ನು ವಿಶೇಷವಾಗಿ ಸೆಳೆದಿರುವುದು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಅರಸನು ಉಭಯರನ್ನೂ ಕರೆಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದನು. ವೈಷ್ಣವ 'ಸಮಯ'ವು ಜೈನ 'ದರ್ಶನ'ವನ್ನು ಸೂರ್ಯಚಂದ್ರರಿರುವವರೆಗೆ ರಕ್ಷಿಸಬೇಕೆಂಬುದು ಅದರ ತಾತ್ಪರ್ಯ. ಇಲ್ಲಿಯ ಸಮಯಕ್ಕೆ ಮತವೆಂದು ಅರ್ಥ ಹೇಳುವುದು ವಾಡಿಕೆ. ಅದು ತಪ್ಪಲ್ಲ, ಸಾಲದು. ಮತವೆಂಬುದು ತಾನಾಗಿ ಯಾರನ್ನೂ ಕಾಯಲಾರದು, ಕಾಯುವವರು ಜನ. ಮುಂದಿನ ಸಾಲುಗಳಲ್ಲಿ ಆ ಜನರಿಗೆ ಕೆಲಸವನ್ನೂ ಹಂಚಲಾಗಿದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನಿಡಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಆದುದರಿಂದ ಇಲ್ಲಿಯ ಸಮಯವು ಮಾತು ಕೊಡಬಲ್ಲ, ಕೊಟ್ಟ ಮಾತಿಗೆ ಹೊಣೆಯಾಗಬಲ್ಲ ಸಮುದಾಯವೆಂದು ನಾವು ಗ್ರಹಿಸುತ್ತೇವೆ.

ನಾರದನ ಲೆಕ್ಕದಲ್ಲಿ ಈ ಒಪ್ಪಂದವೇ ಒಂದು ಸಮಯ. ಆದರೆ ಶಾಸನಕಾರನು ಆ ಶಬ್ದವನ್ನು ಪಂಗಡಕ್ಕೆ ಸಲ್ಲಿಸಿ, ಒಪ್ಪಂದವನ್ನು 'ಕಟ್ಟಳೆ'ಯೆಂದು ಕರೆದಿದ್ದಾನೆ. ಅದನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಸಮುದಾಯಕ್ಕೂ ದ್ರೋಹಿ.