ತೂಕ ಇಳಿಯುವುದು ನಿಂತಾಗ: ಊಟ, ನಡಿಗೆ, ವ್ರತಗಳ ಲೆಕ್ಕ ಸರಿಪಡಿಸುವುದು ಹೇಗೆ?

ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳ ಅಡುಗೆ ಮತ್ತು ದಿನಚರಿಯ ಹಿನ್ನೆಲೆಯಲ್ಲಿ ಮಾಹಿತಿ

ಸಿಹಿ ಬಿಟ್ಟು, ಅನ್ನ ಕಡಿಮೆ ಮಾಡಿ, ದಿನವೂ ನಡೆಯುವವರ ತೂಕ ಮೊದಲ ಕೆಲವು ತಿಂಗಳು ಇಳಿಯುತ್ತದೆ. ಆಮೇಲೆ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತುಬಿಡುತ್ತದೆ. ಊಟ ಅದೇ, ನಡಿಗೆ ಅದೇ, ತೂಕ ಮಾತ್ರ ಕದಲುವುದಿಲ್ಲ. ಆಗ ಹಲವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಬೇಸತ್ತು ಎಲ್ಲವನ್ನೂ ಬಿಡುತ್ತಾರೆ. ಕೆಲವರು ಊಟವನ್ನು ಇನ್ನಷ್ಟು ಕಡಿದು ಉಪವಾಸದ ಮೇಲೆ ಉಪವಾಸ ಮಾಡುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಮಧುಮೇಹ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡನೆಯದು ಅಪಾಯವೂ ಹೌದು.

ರಾಯಚೂರು ನಗರ, ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಹತ್ತಿ, ಭತ್ತ, ಬಟ್ಟೆ, ಕಿರಾಣಿ ವ್ಯಾಪಾರದವರ ದಿನವೆಲ್ಲ ಗದ್ದಿಯ ಮೇಲೆ ಕೂತೇ ಕಳೆಯುತ್ತದೆ. ವರ್ಷದ ಕೆಲವು ತಿಂಗಳು ಬಿಸಿಲಿಗೆ ಹೊರಗೆ ಕಾಲಿಡುವುದೇ ಕಷ್ಟ. ಮನೆಯ ಊಟದಲ್ಲಿ ಕಂದಮೂಲ ಇಲ್ಲ, ಸೂರ್ಯಾಸ್ತದ ನಂತರ ಊಟವಿಲ್ಲ. ಆದರೂ ತೂಕ ಹೆಚ್ಚುತ್ತದೆ, ಇಳಿಸಲು ಹೊರಟರೆ ಅರ್ಧದಲ್ಲಿ ನಿಲ್ಲುತ್ತದೆ. ಇದಕ್ಕೆ ಕಾರಣಗಳೂ ಇವೆ, ಪರಿಹಾರವೂ ಇದೆ. ಇಲ್ಲಿನ ಲೆಕ್ಕ ರಾಜ್ಯದ ಬೇರೆ ಊರುಗಳ ಮನೆಗಳಿಗೂ ಹೊಂದುತ್ತದೆ.

ನಿಜವಾಗಿಯೂ ನಿಂತಿದೆಯೇ?

ಒಂದು ವಾರ ತೂಕ ಇಳಿಯದಿದ್ದರೆ ಅದು ನಿಂತಂತಲ್ಲ. ದೇಹದ ನೀರಿನ ಅಂಶವೊಂದರಿಂದಲೇ ತೂಕ ಒಂದೆರಡು ಕೆಜಿ ಮೇಲೆ ಕೆಳಗೆ ಆಗುತ್ತದೆ. ಉಪ್ಪಿನಕಾಯಿ, ಹಪ್ಪಳ ಹೆಚ್ಚು ತಿಂದ ಮರುದಿನ, ಮಹಿಳೆಯರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ, ಹೊಸ ವ್ಯಾಯಾಮ ಶುರು ಮಾಡಿದ ವಾರದಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ ವಾರಕ್ಕೆ ಮೂರು ದಿನ ತೂಕ ನೋಡಿ ಸರಾಸರಿ ಬರೆದಿಡಬೇಕು. ಜೊತೆಗೆ ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯಬೇಕು. ನಾಲ್ಕು ವಾರ ಸರಾಸರಿಯೂ ಸುತ್ತಳತೆಯೂ ಬದಲಾಗದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಬಹುದು. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದರ್ಥ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಒಳಗಿರಬೇಕು ಎಂಬುದು ವೈದ್ಯರು ಬಳಸುವ ಅಳತೆ.

ಏಕೆ ನಿಲ್ಲುತ್ತದೆ?

82 ಕೆಜಿ ಇದ್ದವರು 75ಕ್ಕೆ ಇಳಿದರು ಎಂದುಕೊಳ್ಳೋಣ. ಈಗ ಅವರ ದೇಹ ಚಿಕ್ಕದು, ಹೊರುವ ಭಾರವೂ ಕಡಿಮೆ. ಪ್ರತಿ ಕೆಜಿ ಇಳಿದಾಗ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಏಳು ಕೆಜಿಗೆ ಇದು 140ರಿಂದ 210 ಕ್ಯಾಲೊರಿ. ಮೊದಲು ತೂಕ ಇಳಿಸುತ್ತಿದ್ದ ಊಟವೇ ಈಗ ತೂಕವನ್ನು ಇದ್ದಲ್ಲೇ ನಿಲ್ಲಿಸುವ ಊಟವಾಗುತ್ತದೆ.

ಇನ್ನೊಂದು ಬದಲಾವಣೆ ಹಸಿವಿನದು. ಇಳಿದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ತಿನ್ನುವಂತೆ ದೇಹ ಒತ್ತಾಯಿಸುತ್ತದೆ ಎಂದು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಈ ಒತ್ತಡದಲ್ಲಿ ಊಟದ ಅಳತೆ ತಿಳಿಯದಂತೆ ಬೆಳೆಯುತ್ತದೆ. ನ್ಯೂಯಾರ್ಕ್‌ನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು ಎನ್ನುತ್ತಿದ್ದವರನ್ನು ಪರೀಕ್ಷಿಸಲಾಯಿತು. ಅವರು ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ದೈಹಿಕ ಚಟುವಟಿಕೆಯನ್ನು 51% ಹೆಚ್ಚು ಹೇಳಿದ್ದರು. ಅವರು ಬೇಕೆಂದೇ ಸುಳ್ಳು ಹೇಳಿದವರಲ್ಲ; ಅಂದಾಜು ಯಾರಿಗಾದರೂ ತಪ್ಪುತ್ತದೆ. ಹಾಗಾಗಿ ತೂಕ ನಿಂತಾಗ ಇಚ್ಛಾಶಕ್ತಿಯನ್ನು ಹಳಿಯುವ ಬದಲು ಮೊದಲು ಅಳತೆಯನ್ನು ನೋಡಬೇಕು.

ಎಣ್ಣೆ ಡಬ್ಬಿಯ ಲೆಕ್ಕ

ಸಸ್ಯಾಹಾರಿ ಮನೆಯಲ್ಲಿ ಕಾಣದೆ ಸೇರುವ ಕ್ಯಾಲೊರಿಗೆ ದೊಡ್ಡ ದಾರಿ ಎಣ್ಣೆ ಮತ್ತು ತುಪ್ಪ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ಊಟಕ್ಕೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ಇದನ್ನು ಮನೆಯಲ್ಲಿ ಪರೀಕ್ಷಿಸುವುದು ಸುಲಭ.

- ನಾಲ್ಕು ಜನರ ಮನೆಗೆ ತಿಂಗಳಿಗೆ ಎಣ್ಣೆ, ತುಪ್ಪ ಸೇರಿ ಸುಮಾರು ಮೂರೂಕಾಲು ಕೆಜಿ ಸಾಕು.
- ಎಂಟು ಜನರ ಕೂಡುಕುಟುಂಬಕ್ಕೆ 15 ಕೆಜಿ ಡಬ್ಬಿ ಎರಡು ತಿಂಗಳು ದಾಟಿ ಬರಬೇಕು. ತುಪ್ಪ ಬೇರೆ ಇದ್ದರೆ ಇನ್ನೂ ಹೆಚ್ಚು ದಿನ ಬರಬೇಕು.

ಡಬ್ಬಿ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟರೆ ಉತ್ತರ ತಾನಾಗಿ ಸಿಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. 75 ಕೆಜಿ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಉಳಿದ ಸೋರಿಕೆಗಳು ಚಿಕ್ಕವು, ಆದರೆ ದಿನವೂ ನಡೆಯುವಂಥವು. ಅಂಗಡಿಗೆ ಬಂದವರ ಜೊತೆ ನಾಲ್ಕು ಸಲ ಚಹಾ ಕುಡಿದರೆ, ಕಪ್ಪಿಗೆ ಎರಡು ಚಮಚದಂತೆ ಸಕ್ಕರೆಯಿಂದಲೇ 160 ಕ್ಯಾಲೊರಿ. ಒಂದು ಹಿಡಿ ಶೇಂಗಾದಲ್ಲಿ 150ಕ್ಕೂ ಹೆಚ್ಚು. ಸಂಜೆಯ ಮಂಡಕ್ಕಿ ಒಗ್ಗರಣೆ ಹಗುರ ತಿಂಡಿ ಎನಿಸುತ್ತದೆ. ಜೊತೆಗಿನ ಮಿರ್ಚಿ, ಸೇವು ಹಗುರವಲ್ಲ. ಆಲೂಗಡ್ಡೆ ಬದಲು ಬಾಳೆಕಾಯಿ ಬಳಸುವ ಮನೆಗಳಲ್ಲಿ ಒಂದು ಮಾತು ನೆನಪಿಡಬೇಕು: ಬಾಳೆಕಾಯಿಯಲ್ಲೂ ಪಿಷ್ಟವೇ ಮುಖ್ಯ, ಅದರ ಚಿಪ್ಸ್ ಆಲೂ ಚಿಪ್ಸ್‌ಗಿಂತ ಹಗುರವೇನಲ್ಲ.

ಜೋಳದ ರೊಟ್ಟಿಯೋ, ಅನ್ನವೋ?

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಸುತ್ತ ಭತ್ತ ಬೆಳೆಯಿತು, ತಟ್ಟೆಯಲ್ಲಿ ಅನ್ನವೂ ಬೆಳೆಯಿತು. ಈಗ ತೂಕ ಇಳಿಸಲು ಹಲವರು ಮತ್ತೆ ಜೋಳದ ರೊಟ್ಟಿಗೆ ಮರಳುತ್ತಿದ್ದಾರೆ. ಅದು ಒಳ್ಳೆಯದೇ. ಆದರೆ ಹಿಟ್ಟಿನ ತೂಕಕ್ಕೆ ತೂಕ ನೋಡಿದರೆ ಎರಡರ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ: 100 ಗ್ರಾಂ ಅಕ್ಕಿಯಲ್ಲಿ ಸುಮಾರು 355, ಜೋಳದಲ್ಲಿ ಸುಮಾರು 335. ವ್ಯತ್ಯಾಸ ಇರುವುದು ನಾರಿನಲ್ಲಿ. ಅಕ್ಕಿಯಲ್ಲಿ ಮೂರು ಗ್ರಾಂ ನಾರಿದ್ದರೆ ಜೋಳದಲ್ಲಿ ಹತ್ತು ಗ್ರಾಂ. ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಎರಡು ರೊಟ್ಟಿಯ ಮೇಲೆ ತುಪ್ಪ, ಪಕ್ಕದಲ್ಲಿ ಶೇಂಗಾ ಹಿಂಡಿ ಎಣ್ಣೆಯಲ್ಲಿ ಕಲಸಿ, ಕೊನೆಗೆ ಅನ್ನವೂ ಇದ್ದರೆ ಆ ಲಾಭ ಉಳಿಯುವುದಿಲ್ಲ. ರೊಟ್ಟಿ ಅನ್ನದ ಬದಲಿಗೆ ಬರಬೇಕು, ಅನ್ನದ ಜೊತೆಗಲ್ಲ.

ಬೇಳೆಯ ಪಾಲು ಹೆಚ್ಚಲಿ

ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕಡಿಮೆಯಾದಷ್ಟೂ ದೇಹದ ಖರ್ಚು ಕಡಿಮೆ. ಇದನ್ನು ತಡೆಯುವುದು ಪ್ರೋಟೀನ್ ಮತ್ತು ಬಲ ಹಾಕುವ ವ್ಯಾಯಾಮ. ವಯಸ್ಕರಿಗೆ ದೇಹದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 75 ಕೆಜಿಗೆ ಸುಮಾರು 62 ಗ್ರಾಂ. ತೆಳ್ಳನೆಯ ಸಾರು ಇದನ್ನು ಪೂರೈಸುವುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅದೇ ಮಾರ್ಗಸೂಚಿಯಂತೆ ದಿನಕ್ಕೆ 85 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು ಅಥವಾ ಮೊಸರು ಬೇಕು.

ಚಾತುರ್ಮಾಸದಲ್ಲಿ ಹಸಿರು ಸೊಪ್ಪು ಬಿಡುವ ಮನೆಗಳಲ್ಲಿ ಪುಂಡಿಪಲ್ಯದ ಜಾಗಕ್ಕೆ ಎಣ್ಣೆಯ ತಿಂಡಿ ಬರುವುದುಂಟು. ಅದರ ಬದಲು ಗಟ್ಟಿ ಹೆಸರುಬೇಳೆ, ಕಡಲೆ, ತೊಗರಿ ಬೇಳೆಯ ಪಲ್ಯ ಬರಲಿ. ದ್ವಿದಳದ ನಿಯಮ ಪಾಲಿಸುವವರು ಬೇಳೆಯನ್ನು ಮಧ್ಯಾಹ್ನಕ್ಕೂ ಮೊಸರು, ಪನೀರನ್ನು ಇನ್ನೊಂದು ಹೊತ್ತಿಗೂ ಹಂಚಿಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ವ್ರತ, ಪಾರಣೆ ಮತ್ತು ತೂಕ

ತಪಸ್ಸಿನ ಗುರಿ ಕರ್ಮ ನಿರ್ಜರೆ, ತೂಕ ಇಳಿಕೆಯಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ದಶಲಕ್ಷಣ ಅಥವಾ ಪರ್ಯೂಷಣದಲ್ಲಿ ಕೆಲವು ದಿನ ಉಪವಾಸ ಮಾಡಿದವರ ತೂಕ ಮೂರು ಕೆಜಿ ಇಳಿಯಬಹುದು. ಆದರೆ ಮೊದಲ ದಿನಗಳಲ್ಲಿ ಹೋಗುವುದು ಬಹುಪಾಲು ನೀರು. ದೇಹ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಆ ಸಕ್ಕರೆ ಖರ್ಚಾದಾಗ ನೀರೂ ಹೋಗುತ್ತದೆ, ಪಾರಣೆಯ ನಂತರ ಎರಡೂ ಮರಳುತ್ತವೆ. ಪಾರಣೆಗೆ ತುಪ್ಪ-ಸಕ್ಕರೆಯ ಪದಾರ್ಥ ಸೇರಿದರೆ ತೂಕ ಮೊದಲಿಗಿಂತ ಮೇಲೆ ಹೋಗುವುದೂ ಉಂಟು.

ಆರು ಬಾಹ್ಯ ತಪಗಳಲ್ಲಿ ಅನಶನದ ನಂತರ ಬರುವುದು ಊನೋದರ, ಅಂದರೆ ಹೊಟ್ಟೆ ತುಂಬುವ ಮೊದಲೇ ಏಳುವುದು. ಪೂರ್ಣ ಆಹಾರ ಪುರುಷರಿಗೆ 32, ಸ್ತ್ರೀಯರಿಗೆ 28 ತುತ್ತು ಎಂದು ಲೆಕ್ಕವಿಟ್ಟು ಅದಕ್ಕಿಂತ ಕಡಿಮೆ ಉಣ್ಣುವ ಪದ್ಧತಿ ಹಳೆಯದು. ನಾಲ್ಕನೆಯ ರಸಪರಿತ್ಯಾಗದಲ್ಲಿ ತುಪ್ಪ, ಎಣ್ಣೆ, ಸಿಹಿಯಂಥ ರಸಗಳಲ್ಲಿ ಒಂದೆರಡನ್ನು ಬಿಡುವುದಿದೆ. ದಿನವೂ ಸ್ವಲ್ಪ ಕಡಿಮೆ ಉಣ್ಣುವ ಈ ಅಭ್ಯಾಸ ಶರೀರಕ್ಕೂ ಹೊಂದುತ್ತದೆ, ವರ್ಷವಿಡೀ ನಡೆಸಿಕೊಂಡು ಹೋಗಲೂ ಬರುತ್ತದೆ.

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಉಪವಾಸ ಮಾಡಬಾರದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಗೊಂದಲ, ಪ್ರಜ್ಞೆ ತಪ್ಪುವುದು ಆಗಬಹುದು. ಆಗ ತಕ್ಷಣ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಇದ್ದು ರಾತ್ರಿ ನೀರೂ ಕುಡಿಯದವರು ಬೇಸಿಗೆಯಲ್ಲಿ ಹಗಲಿನಲ್ಲೇ ಸಾಕಷ್ಟು ನೀರು ಕುಡಿದಿರಬೇಕು. ಪಚ್ಚಕ್ಖಾಣದ ಪಾಠದಲ್ಲಿಯೇ ಸಮಾಧಿ ಕೆಡುವಂಥ ತೀವ್ರ ಕಾಯಿಲೆಗೆ ಆಗಾರ, ಅಂದರೆ ವಿನಾಯಿತಿ ಇದೆ. ಮನೆಯ ಹಿರಿಯರು ಇದನ್ನು ಸಾಧು-ಸಾಧ್ವಿಯರಲ್ಲಿ ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು.

ಬಿಸಿಲೂರಿನಲ್ಲಿ ವ್ಯಾಯಾಮ

ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆ, ಜೊತೆಗೆ ಎರಡು ದಿನ ಬಲ ಹಾಕುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದು ಮುಹೂರ್ತ, ಅಂದರೆ 48 ನಿಮಿಷ, ವಾರಕ್ಕೆ ನಾಲ್ಕು ದಿನ ನಡೆದರೆ 192 ನಿಮಿಷ ಆಗುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಇದು ಬೆಳಿಗ್ಗೆ ಏಳರೊಳಗೆ ಮುಗಿಯಬೇಕು.

ತೂಕ ನಿಂತವರಲ್ಲಿ ಬಹುತೇಕರು ನಡೆಯುತ್ತಾರೆ, ಆದರೆ ಬಲದ ವ್ಯಾಯಾಮ ಮಾಡುವುದಿಲ್ಲ. ಇದಕ್ಕೆ ಜಿಮ್ ಬೇಕೆಂದಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಒತ್ತಿ ದಂಡೆ ಹೊಡೆಯುವುದು, ಐದು ಲೀಟರ್ ನೀರಿನ ಕ್ಯಾನ್ ಎತ್ತುವುದು, ಮಾಳಿಗೆಯ ಮೆಟ್ಟಿಲು ಹತ್ತುವುದು ಸಾಕು. ತಲಾ 10 ಸಲದಂತೆ ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ. ಗದ್ದಿಯ ಮೇಲೆ ಕೂರುವವರು ಗಂಟೆಗೊಮ್ಮೆ ಎದ್ದು ಓಡಾಡಬೇಕು. ಬೆಳಿಗ್ಗೆ ನಡೆದೆವೆಂದು ಉಳಿದ ದಿನವೆಲ್ಲ ಕೂತರೆ ಲೆಕ್ಕ ಸರಿಹೋಗುವುದಿಲ್ಲ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಅಳತೆ ಸರಿಯಿದ್ದೂ ಎರಡು ತಿಂಗಳು ಬದಲಾವಣೆ ಕಾಣದಿದ್ದರೆ, ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು, ಜೋರು ಗೊರಕೆ ಇದ್ದರೆ ತಪಾಸಣೆ ಬೇಕು. ಥೈರಾಯ್ಡ್ ಕೊರತೆ, ಪಿಸಿಒಎಸ್, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ತೂಕ ಇಳಿಯಲು ಅಡ್ಡಿಯಾಗುತ್ತವೆ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದಲೂ ತೂಕ ಹೆಚ್ಚಬಹುದು. ಅವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಬಿ12 ಕೊರತೆಯಿಂದ ಸುಸ್ತು ಬಂದು ವ್ಯಾಯಾಮ ಕುಗ್ಗುತ್ತದೆ. ರಕ್ತದೊತ್ತಡ, ಸಕ್ಕರೆಯ ತಪಾಸಣೆ ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲೇ ಆಗುತ್ತದೆ. ತಜ್ಞರ ಸಲಹೆ ಬೇಕಾದರೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆ ಇದೆ.

ಮುಂದಿನ ನಾಲ್ಕು ವಾರ

1. ಮೊದಲ ವಾರ ಊಟ ಬದಲಿಸದೆ, ತಿಂದದ್ದು ಕುಡಿದದ್ದೆಲ್ಲ ಬರೆಯುವುದು. ಎಣ್ಣೆ ಡಬ್ಬಿಗೆ ದಿನಾಂಕ ಹಾಕುವುದು.
2. ಎರಡನೆಯ ವಾರ ಎಣ್ಣೆ, ಸಕ್ಕರೆ, ಕರಿದ ತಿಂಡಿಯಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ ಕಡಿಮೆ ಮಾಡುವುದು. ಬೇಳೆ, ತರಕಾರಿ ಕಡಿಮೆ ಮಾಡಬಾರದು.
3. ಮೂರನೆಯ ವಾರ ಬಲದ ವ್ಯಾಯಾಮ ಸೇರಿಸುವುದು, ಏಳು ಗಂಟೆ ನಿದ್ರೆ ಮಾಡುವುದು.
4. ನಾಲ್ಕನೆಯ ವಾರದ ಕೊನೆಗೆ ಸರಾಸರಿ ತೂಕ ಮತ್ತು ಸೊಂಟದ ಅಳತೆ ಹೋಲಿಸುವುದು.

ಇಷ್ಟಾದರೂ ತೂಕ ನಿಧಾನವಾಗಿಯೇ ಇಳಿಯಬಹುದು. ಆಗ ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬಹುದು. ಮಧುಮೇಹದ ಅಂಚಿನಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ಗಮನಿಸಲಾಯಿತು. ಊಟ ಮತ್ತು ನಡಿಗೆ ಸರಿಪಡಿಸಿಕೊಂಡ ಗುಂಪಿನಲ್ಲಿ ಮಧುಮೇಹ ಬರುವ ಸಂಭವ 28.5% ಕಡಿಮೆಯಾಯಿತು, ಅವರ ತೂಕ ಹೆಚ್ಚೇನೂ ಇಳಿಯದಿದ್ದರೂ! ಮುಳ್ಳು ಕದಲದ ತಿಂಗಳಲ್ಲೂ ಮಿತ ಊಟ, ನಡಿಗೆಯ ಫಲ ಒಳಗೆ ಸೇರುತ್ತಲೇ ಇರುತ್ತದೆ. ಆದ್ದರಿಂದ ತೂಕ ನಿಂತಿತೆಂದು ಅಭ್ಯಾಸವನ್ನು ನಿಲ್ಲಿಸಬಾರದು.