ತೆಂಗಿನ ಸಾಲಿನಾಚೆಯ ಡ್ರೋನ್: ಕೃಷ್ಣರಾಜನಗರದ ಬಯಲಿನಲ್ಲಿ ಟೆಲಿಮೆಟ್ರಿ ಸಂಪರ್ಕದ ವ್ಯಾಪ್ತಿ

ಹವ್ಯಾಸಿ ಡ್ರೋನಿನ ಎತ್ತರ, ಸ್ಥಾನ, ಬ್ಯಾಟರಿಯ ವಿವರಗಳನ್ನು ನೆಲಕ್ಕೆ ತಲುಪಿಸುವ ಟೆಲಿಮೆಟ್ರಿ ರೇಡಿಯೊ ಒಂದೆರಡು ಕಿಲೋಮೀಟರಿಗೇ ಕಡಿದುಹೋದರೆ, ಹೆಚ್ಚಿನವರು ಮೊದಲು ಹುಡುಕುವುದು ಹೆಚ್ಚು ವ್ಯಾಟಿನ ಸಾಧನವನ್ನು. ಕಾವೇರಿ ನಾಲೆಗಳ ಕೆಳಗಿನ ಕೃಷ್ಣರಾಜನಗರದ ಗದ್ದೆ ಬಯಲಿನಲ್ಲಿ ಮೊದಲು ಸರಿಪಡಿಸಬೇಕಾದದ್ದು ಶಕ್ತಿಯನ್ನಲ್ಲ, ಆಂಟೆನಾ ನಿಲ್ಲುವ ಜಾಗವನ್ನು.

2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಲು ಬಿಡುತ್ತವೆ. ಆ ಎತ್ತರದ ಡ್ರೋನಿಗೂ ನೆಲದಿಂದ 2 ಮೀಟರ್ ಮೇಲಿನ ಆಂಟೆನಾಕ್ಕೂ ರೇಡಿಯೊ ದಿಗಂತ 50 ಕಿ.ಮೀ. ಆಸುಪಾಸಿನಲ್ಲಿದೆ. ಭೂಮಿಯ ಬಾಗು ಇಲ್ಲಿ ಅಡ್ಡಿಯೇ ಅಲ್ಲ. ಅಡ್ಡಿ ಇರುವುದು ಹತ್ತಿರದ ತೆಂಗಿನ ಸಾಲಿನಲ್ಲಿ.

ಲೆಕ್ಕ ಹಾಕೋಣ. ಡ್ರೋನ್ 2 ಕಿ.ಮೀ. ದೂರದಲ್ಲಿದೆ, ನಮ್ಮಿಂದ 100 ಮೀಟರಿನಲ್ಲಿ 15 ಮೀಟರ್ ಎತ್ತರದ ತೆಂಗುಗಳಿವೆ. ಅಲ್ಲಿ ದೃಷ್ಟಿರೇಖೆ ಹಾಯುವುದು 8 ಮೀಟರ್ ಎತ್ತರದಲ್ಲಿ, ಮರಗಳ ನಡುವೆಯೇ. ಆಂಟೆನಾವನ್ನು 10 ಮೀಟರಿಗೇರಿಸಿದರೂ ರೇಖೆ ಗರಿಗಳನ್ನು ಸವರಿಕೊಂಡೇ ಹೋಗುತ್ತದೆ. ರೇಖೆಯಷ್ಟೇ ತೆರವಾಗಿದ್ದರೆ ಸಾಲದು. ಅದರ ಸುತ್ತ ರೇಡಿಯೊ ತರಂಗ ಹರಡಿಕೊಂಡು ಸಾಗುವ ಜಾಗದ, ಅಂದರೆ ಫ್ರೆನೆಲ್ ವಲಯದ, ಶೇ. 60ರಷ್ಟಾದರೂ ತೆರವಿರಬೇಕು. ನಮ್ಮ ಟೆಲಿಮೆಟ್ರಿ ರೇಡಿಯೊ ಬಳಸುವ 866 ಮೆಗಾಹರ್ಟ್ಸ್‌ನಲ್ಲಿ ಆ ಜಾಗದಲ್ಲಿ ಇದಕ್ಕೆ 3.4 ಮೀಟರ್ ಬೇಕು. ಅದೇ, ಡ್ರೋನ್ ಆಗಲೂ ನಮ್ಮಿಂದ 2 ಕಿ.ಮೀ. ದೂರದಲ್ಲಿರುವಂತೆ, ಮರಗಳಿಂದ 300 ಮೀಟರ್ ಹಿಂದೆ ಸರಿದು 6 ಮೀಟರ್ ಬಿದಿರ ಗಳುವಿನ ತುದಿಗೆ ಆಂಟೆನಾ ಕಟ್ಟಿದರೆ, ರೇಖೆ ಮರದ ತಲೆಯ ಮೇಲೆ 8 ಮೀಟರ್ ಹಾಯುತ್ತದೆ, ಬೇಕಾದದ್ದು 5.6 ಮಾತ್ರ. ನಾಲೆಯ ಏರಿಯೋ ಕೆರೆಯ ಏರಿಯೋ ಸಿಕ್ಕರೆ ಗಳು ಇನ್ನೂ ಗಿಡ್ಡವಾದೀತು.

ಶಕ್ತಿಯನ್ನು 100 ಮಿಲಿವ್ಯಾಟಿನಿಂದ 1 ವ್ಯಾಟಿಗೇರಿಸಿದರೆ ಲಾಭ 10 ಡೆಸಿಬಲ್. ತೆರೆದ ಆಕಾಶದಲ್ಲಿ ದೂರ ಮೂರು ಪಟ್ಟಾಗಬಹುದು. ಆದರೆ ನೆಲದ ತುದಿಯಲ್ಲಷ್ಟೇ ಏರಿಸಿದರೆ ಡ್ರೋನಿನಿಂದ ಬರುವ ಸಂಕೇತ ಇದ್ದಷ್ಟೇ ಇರುತ್ತದೆ. ಒಳ್ಳೆಯ ಆಂಟೆನಾ ಎರಡೂ ದಿಕ್ಕಿಗೆ ನೆರವಾಗುತ್ತದೆ. ಇಲ್ಲಿ ಒಂದು ಎಚ್ಚರ: ಆರ್‌ಜಿ-174ರಂಥ ತೆಳು ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು 1 ಡೆಸಿಬಲ್ ನುಂಗುತ್ತದೆ. 10 ಮೀಟರ್ ಕೇಬಲ್ ಎಳೆದರೆ ಹತ್ತುಪಟ್ಟು ಶಕ್ತಿಯ ಗಳಿಕೆಯೆಲ್ಲ ಅಲ್ಲಿಗೇ ಮುಗಿಯಿತು. ರೇಡಿಯೊವನ್ನೇ ಗಳುವಿನ ತುದಿಗೇರಿಸಿ, ಕೆಳಕ್ಕೆ ದತ್ತಾಂಶದ ತಂತಿಯನ್ನು ಮಾತ್ರ ತರುವುದು ಮೇಲು.

ಭಾರತದಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಡ. ಪ್ರೇಷಕದ ಶಕ್ತಿ 1 ವ್ಯಾಟ್, ವಾಹಕದ ಅಗಲ 200 ಕಿಲೋಹರ್ಟ್ಸ್ ಮೀರಬಾರದು. 915 ಎಂದು ಮಾರಾಟವಾಗುವ ಸಾಧನ ಅಮೆರಿಕದ 902–928 ಪಟ್ಟಿಗಾಗಿ ತಯಾರಾದದ್ದು. ಆ ಪಟ್ಟಿಯ ಕೆಳಭಾಗದಲ್ಲಿ ನಮ್ಮ ಮೊಬೈಲ್ ಫೋನುಗಳು ಟವರಿನೊಡನೆ ಮಾತಾಡುತ್ತವೆ. ಅದನ್ನು ಇಲ್ಲಿ ಬಳಸಲೇಬಾರದು.

ಏರುತಗ್ಗಿನ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಮೇಲಿನ ಲೆಕ್ಕವನ್ನು ದಿಬ್ಬದಿಂದ ದಿಬ್ಬಕ್ಕೆ ಹೊಸದಾಗಿ ಹಾಕಬೇಕು. ಹೆಗ್ಗಡದೇವನಕೋಟೆಯ ಕಡೆ ನಾಗರಹೊಳೆಯ ಕಾಡಂಚಿನಲ್ಲಿ ಸಂಪರ್ಕ ಎಷ್ಟೇ ಗಟ್ಟಿಯಿರಲಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಒಳಹೋಗಕೂಡದು.

ಖರ್ಚಿಲ್ಲದ ಉಪಾಯವೊಂದಿದೆ. ಹವ್ಯಾಸಿ ಡ್ರೋನುಗಳಲ್ಲಿ ಬಳಕೆಯಲ್ಲಿರುವ ಸಿಕ್ (SiK) ಟೆಲಿಮೆಟ್ರಿ ರೇಡಿಯೊಗಳು ಗಾಳಿಯಲ್ಲಿ ದತ್ತಾಂಶ ಕಳಿಸುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್. ಅದನ್ನು 16ಕ್ಕೆ ಇಳಿಸಿದರೆ ಗ್ರಾಹಕದ ಸೂಕ್ಷ್ಮತೆ 6 ಡೆಸಿಬಲ್‌ನಷ್ಟು ಸುಧಾರಿಸಿ, ತೆರೆದ ದಾರಿಯಲ್ಲಿ ದೂರ ಇಮ್ಮಡಿಯಾಗುತ್ತದೆ. ವಾಹಕದ ಅಗಲವೂ ಕುಗ್ಗಿ ನಿಯಮದೊಳಗೆ ಉಳಿಯುತ್ತದೆ. ಸ್ಥಾನ, ಎತ್ತರ, ಬ್ಯಾಟರಿಯ ವಿವರಗಳನ್ನು ಸೆಕೆಂಡಿಗೆ ಒಂದೆರಡು ಸಲ ಕಳಿಸಲು ಆ ವೇಗ ಧಾರಾಳ.